ಲೋಟ ಬೀಳದಿರಲೆಂದು ಹೊಡೆದ ರೀಪು

ಕುವೈತಿನ ಫರ್ವಾನಿಯಾದ ಈ ಫ್ಲಾಟಿಗೆ ಬಂದಂದಿನಿಂದ ನನ್ನ ಕೈಗೆ ಒಂದು ಕೆಲಸ ಹೆಚ್ಚಾಗಿದೆ. ಅಡುಗೆಮನೆಯ ಮುಂದೆ ಹಾದಾಗಲೆಲ್ಲ ಒಳಗೆ ಹೊಕ್ಕು, ಅಂಚಿಗೆ ತಡೆಯಿಲ್ಲದ ಶೆಲ್ಫಿನ ಮೇಲಿರುವ ಗಾಜಿನ ಲೋಟಗಳನ್ನು ಎರಡು ಬೆರಳಿನಿಂದ ಗೋಡೆಯ ಕಡೆಗೆ ತಳ್ಳಿ ಬರುತ್ತೇನೆ. ಅವು ತಳ್ಳಿಸಿಕೊಳ್ಳುವಷ್ಟು ಮುಂದೆ ಬಂದಿರುವುದಿಲ್ಲ. ಹಿಂದಿನ ಸಲ ನಾನೇ ನಿಲ್ಲಿಸಿದ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಶಿಕ್ಷೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತೇ ಇರುತ್ತವೆ. ಆದರೂ ಒಮ್ಮೆ ಮುಟ್ಟಿ ಬಂದರೆ ಸಮಾಧಾನ. ವಿಮಾನ ನಿಲ್ದಾಣ ಹತ್ತಿರ ನೋಡಿ, ತಲೆಯ ಮೇಲೆ ವಿಮಾನ ಇಳಿಯುವಾಗ ಕಿಟಕಿಯ ಗಾಜು ಗುಂಯ್ ಎನ್ನುತ್ತದೆ. ಆಗ ನನ್ನ ಕೈ ತಾನಾಗಿಯೇ ಏಳುತ್ತದೆ.

"ಅವು ಎಲ್ಲಿಗೂ ಓಡಿಹೋಗೂದಿಲ್ಲ ಫ್ಲೋರಿ. ಅವುಗಳಿಗೆ ಇಕಾಮಾ ಇಲ್ಲ" ಎನ್ನುತ್ತಾರೆ ನಮ್ಮವರು. ಇಕಾಮಾ ಎಂದರೆ ಹೊರಗಿನಿಂದ ಬಂದವರು ಇಲ್ಲಿ ವಾಸಿಸಲು ಬೇಕಾದ ಪರವಾನಗಿ. ನಮ್ಮವರೆಂದರೆ ಆಲ್ಬನ್. ಕಿನ್ನಿಗೋಳಿಯ ಕಡೆಯವರು, ಮಾತು ಕಡಿಮೆ, ಆಡಿದ್ದು ಹೀಗೆ ಒಂದೊಂದು. ಮನೆಯಲ್ಲಿ ನಮ್ಮ ಮಾತು ಕೊಂಕಣಿ, ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಈ ಅಭ್ಯಾಸ ಕಡಲತೀರದವರದಲ್ಲ, ಕುವೈತಿನವರದ್ದೂ ಅಲ್ಲ. ಇದು ಕೆ.ಜಿ.ಎಫ್.ನದು. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಪಪ್ಪ ಅಲ್ಲಿನ ಗಣಿ ಆಸ್ಪತ್ರೆಯಲ್ಲಿ ಕಂಪೌಂಡರ್. ನಮ್ಮ ಕಾಲಿನ ಕೆಳಗೆ, ನೀವು ನಂಬದಷ್ಟು ಆಳದಲ್ಲಿ, ನೆರೆಮನೆಯ ಗಂಡಸರು ಬಂಡೆ ಕೊರೆಯುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆಗೂ ಒಮ್ಮೊಮ್ಮೆ ತಾಳ್ಮೆ ತಪ್ಪುತ್ತಿತ್ತು. ತಾನಾಗಿಯೇ ಸಿಡಿದುಬಿಡುತ್ತಿತ್ತು. ಊರಲ್ಲಿ ಅದಕ್ಕೆ 'ಬರ್ಸ್ಟ್' ಎಂದೇ ಹೆಸರು. ಕೆಳಗೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆ ನಡುಗುತ್ತಿತ್ತು. ಮೊದಲು ಚಮಚಗಳು ಕಿಣಿಕಿಣಿ ಎನ್ನುವುದು, ಆಮೇಲೆ ಬಾಗಿಲ ಚಿಲಕ, ಆಮೇಲೆ ಶೆಲ್ಫಿನ ಲೋಟಗಳು ಒಂದೊಂದೇ ಹೆಜ್ಜೆ ಮುಂದಿಟ್ಟು ಅಂಚಿಗೆ ಬಂದು ಕೆಳಗೆ ಹಾರುವುದು. ಮಮ್ಮಿಯ ಮದುವೆಯ ಗಾಜಿನ ಸೆಟ್ಟು ಹೀಗೆ ಹಾರಿ ಹಾರಿ ಕೊನೆಗೆ ಜಗ್ಗು ಮಾತ್ರ ಉಳಿದಿತ್ತು.

ಪಪ್ಪ ಒಂದು ಉಪಾಯ ಮಾಡಿದರು. ಅವರ ಆಸ್ಪತ್ರೆಯಲ್ಲಿ ಔಷಧಿ ಸೀಸೆ ಇಡುವ ಹಲಗೆಗಳ ಅಂಚಿಗೆ ಸಣ್ಣದೊಂದು ಮರದ ರೀಪು ಹೊಡೆದಿರುತ್ತಿದ್ದರು, ಸೀಸೆ ಜಾರದಿರಲಿ ಎಂದು. ಔಷಧಿ ಬರುತ್ತಿದ್ದ ಖಾಲಿ ಪೆಟ್ಟಿಗೆಯ ಹಲಗೆ ಕೊಯ್ದು, ಅದೇ ರೀತಿ ನಮ್ಮ ಅಡುಗೆಮನೆಯ ಶೆಲ್ಫಿಗೂ ಬೆರಳಗಲದ ರೀಪು ಹೊಡೆದರು. ಆಮೇಲೆ ಬರ್ಸ್ಟ್ ಆದಾಗ ಲೋಟಗಳು ರೀಪಿನವರೆಗೆ ಬಂದು, ಬೇಲಿಗೆ ಎದೆ ಕೊಟ್ಟು ನಿಂತ ಕುರಿಗಳ ಹಾಗೆ ನಿಂತುಬಿಡುತ್ತಿದ್ದವು. ನಾವು ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದೆವು. ಮಮ್ಮಿ ತಟ್ಟುತ್ತಿರಲಿಲ್ಲ. ಅವರು ಒಲೆ ಆರಿಸಿ, ಸೆರಗು ಸರಿ ಮಾಡಿಕೊಂಡು ಬೀದಿಗೆ ಹೋಗುತ್ತಿದ್ದರು. ಬೀದಿಯ ಎಲ್ಲ ಹೆಂಗಸರೂ ಬರುತ್ತಿದ್ದರು. ಎಲ್ಲರ ಕಣ್ಣೂ ಗಣಿಬಾಯಿಯ ಮೇಲಿನ ದೊಡ್ಡ ಚಕ್ರದ ಕಡೆಗೆ. ಚಕ್ರ ಎಂದಿನಂತೆ ತಿರುಗುತ್ತಿದ್ದರೆ ಒಬ್ಬರು ಯಾರಾದರೂ "ಸರಿ, ಸಾರು ತಣ್ಣಗಾಯ್ತು" ಎನ್ನುವರು. ಎಲ್ಲರೂ ಮನೆಗೆ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಮಾತ್ರ ಯಾರೂ ಮನೆಗೆ ಹೋಗುತ್ತಿರಲಿಲ್ಲ. ನಡೆಯುತ್ತಿದ್ದರು, ಗಣಿಯ ಗೇಟಿನವರೆಗೆ.

ಇದನ್ನು ಹೇಳಿದ್ದು ಯಾಕೆಂದರೆ, ಮದುವೆಯಾಗಿ ಕುವೈತಿನ ಅಹ್ಮದಿಗೆ ಬಂದ ಹೊಸತರಲ್ಲಿ ನಾನು ಮಾಡಿಕೊಂಡ ಫಜೀತಿ ನಿಮಗೆ ಅರ್ಥವಾಗಲಿ ಎಂದು. ಆಲ್ಬನ್ ಅಲ್ಲಿ ಎಣ್ಣೆ ಕಂಪನಿಯಲ್ಲಿ ಟೆಕ್ನೀಶಿಯನ್, ನಮಗೆ ಕಂಪನಿಯ ಮನೆ. ಒಂದು ಬೆಳಿಗ್ಗೆ ಈರುಳ್ಳಿ ಹುರಿಯುತ್ತಿದ್ದೆ, ಹೊರಗೆ ಸೈರನ್ ಕೂಗಿತು. ಉದ್ದಕ್ಕೆ, ಏರಿ ಇಳಿದು. ನಾನು ಯೋಚಿಸಲೇ ಇಲ್ಲ. ಒಲೆ ಆರಿಸಿದೆ, ನೈಟಿಯ ಮೇಲೆ ದುಪಟ್ಟಾ ಎಳೆದುಕೊಂಡೆ, ಬೀದಿಗೆ ಹೋಗಿ ನಿಂತೆ. ಇನ್ನುಳಿದ ಹೆಂಗಸರು ಬರಲಿ ಎಂದು ಕಾದೆ. ಯಾರೂ ಬರಲಿಲ್ಲ. ಒಂದು ಬೆಕ್ಕು ಕಸದ ಡಬ್ಬಿಯ ಮೇಲೆ ಕುಳಿತು ನನ್ನನ್ನು ನೋಡುತ್ತಿತ್ತು. ದೂರದಲ್ಲಿ ಎಣ್ಣೆ ಬಾವಿಯ ಗ್ಯಾಸು ಉರಿಯುವ ಬೆಂಕಿ ಎಂದಿನಂತೆ ಉರಿಯುತ್ತಿತ್ತು. ಚಕ್ರವಿಲ್ಲದ ಊರಲ್ಲಿ ಏನು ನೋಡಿ ಧೈರ್ಯ ತಂದುಕೊಳ್ಳಬೇಕೋ ತಿಳಿಯದೆ ನಾನು ಆ ಬೆಂಕಿಯನ್ನೇ ನೋಡುತ್ತ ನಿಂತಿದ್ದೆ.

ಎದುರು ಮನೆಯ ಸುಮತಿ ಅಕ್ಕ ಕಿಟಕಿಯಿಂದ ಇಣುಕಿದರು. ಮೂಲ್ಕಿಯವರು, ಮನೆಯಲ್ಲಿ ತುಳು, ನನ್ನೊಡನೆ ಕನ್ನಡ.

"ಎಂತ ಮಾರಾಯ್ತಿ, ಯಾರನ್ನು ಕಾಯ್ತಾ ಇದ್ದೀ?"

"ಸೈರನ್ ಆಯ್ತಲ್ಲ ಅಕ್ಕ. ಎಲ್ಲಿಗೆ ಹೋಗಬೇಕು?"

"ಎಲ್ಲಿಗೂ ಇಲ್ಲ. ಒಳಗೆ ಹೋಗಬೇಕು. ಇದು ತಿಂಗಳಿಗೊಮ್ಮೆ ಸರಕಾರದವರು ಕೂಗಿಸಿ ನೋಡೂದು, ಸರಿ ಉಂಟಾ ಇಲ್ವಾ ಅಂತ."

ನನಗೆ ನಾಚಿಕೆಯಾದದ್ದು ನೈಟಿಯಲ್ಲಿ ಬೀದಿಗೆ ಬಂದದ್ದಕ್ಕಲ್ಲ, ಒಬ್ಬಳೇ ಬಂದದ್ದಕ್ಕೆ. ಆಮೇಲೆ ಬಹಳ ಕಾಲ ಸುಮತಿ ಅಕ್ಕ ಸೈರನ್ ಆದಾಗಲೆಲ್ಲ ಕಿಟಕಿಯಿಂದ ಕೈಬೀಸಿ "ಹೊರಟಿಯಾ ಫ್ಲೋರಿ?" ಎಂದು ಕೇಳುತ್ತಿದ್ದರು.

ಆ ವಾರವೇ ನಾನು ಆಲ್ಬನ್‌ಗೆ ಶೆಲ್ಫಿಗೆ ರೀಪು ಹೊಡೆಯಲು ಹೇಳಿದೆ. "ಇಲ್ಲಿ ನೆಲದಡಿಯಲ್ಲಿ ಇರೂದು ಎಣ್ಣೆ, ಬಂಡೆ ಅಲ್ಲ. ಎಣ್ಣೆ ಸಿಡಿಯೂದಿಲ್ಲ" ಎಂದರು. ಮನೆ ಕಂಪನಿಯದ್ದು, ಮೊಳೆ ಹೊಡೆಯಬಾರದು ಎಂದರು. ನಾನು ವಾದ ಮಾಡಲಿಲ್ಲ. ಗಾಜಿನ ಲೋಟಗಳನ್ನೆಲ್ಲ ನೆಲದ ಮೇಲೆ ಇಡಲು ಶುರುಮಾಡಿದೆ. ಮೂರನೇ ದಿನ ಒಂದಕ್ಕೆ ಅವರ ಕಾಲು ತಗಲಿತು. ಆ ಸಂಜೆ ರೀಪು ಬಂತು, ತೇಗದ್ದು, ನಯವಾಗಿ ಉಜ್ಜಿ ಪಾಲಿಶ್ ಹಾಕಿದ್ದು. ಅಡುಗೆಮನೆಯ ವಿಷಯದಲ್ಲಿ ನಾನು ಅಂದಿನಿಂದ ಇಂದಿನವರೆಗೆ ಸೋತಿಲ್ಲ.

ಚಿನ್ನದ ಊರಿನವಳು ಎಂಬ ಹೆಸರಿನಿಂದಲೂ ನನಗೆ ಕೆಲವು ತೊಂದರೆಗಳಾಗಿವೆ. ಮದುವೆಯ ಹಿಂದಿನ ದಿನ ನಮ್ಮಲ್ಲಿ ರೋಸ್ ಎಂದು ತೆಂಗಿನಹಾಲು ಹಚ್ಚುವ ಶಾಸ್ತ್ರ. ಆಲ್ಬನ್‌ರ ಮಾವ್ಶಿ, ಎಂದರೆ ಅವರ ತಾಯಿಯ ತಂಗಿ, ಅದಕ್ಕೆಂದೇ ನಮ್ಮ ಕಡೆಗೆ ಬಂದು ನನ್ನ ಕತ್ತಿಗೆ ಹಾಲು ಹಚ್ಚುವ ನೆಪದಲ್ಲಿ ಸರವನ್ನು ಬೆರಳಲ್ಲಿ ಎತ್ತಿ ತೂಕ ನೋಡಿದರು.

"ಗಣಿಯಿಂದ ಬಂದವಳಲ್ವಾ? ಇಷ್ಟೇನಾ?"

"ಗಣಿಯಲ್ಲಿ ಕೆಲಸ ಮಾಡಿದವರಿಗೆ ಚಿನ್ನ ಕೊಡೂದಿಲ್ಲ ಮಾವ್ಶಿ. ಕೆಮ್ಮು ಕೊಡ್ತಾರೆ" ಎಂದೆ. ಕಾನ್ವೆಂಟಿನಲ್ಲಿ ಕಲಿತವಳಿಗೆ ನಾಲಿಗೆ ಉದ್ದ ಎಂದು ಅವತ್ತೇ ತೀರ್ಮಾನವಾಯಿತು.

ಕಾನ್ವೆಂಟಿನ ಮಾತು ಬಂತು, ಸಿಸ್ಟರ್ ಬೆನೆಡಿಕ್ಟಾ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮಗೆ ಭೂಗೋಳ ಹೇಳಿಕೊಟ್ಟವರು. ಮರದ ಸ್ಕೇಲು ಅವರ ಕೈಯ ಆರನೇ ಬೆರಳು. ನಕ್ಷೆಯಲ್ಲಿ ಊರು ಗುರುತಿಸುವಾಗ ಚುಕ್ಕಿ ಕೂದಲೆಳೆಯಷ್ಟು ಆಚೀಚೆಯಾದರೂ ಸ್ಕೇಲು ಬೆರಳ ಗೆಣ್ಣಿನ ಮೇಲೆ. ಒಮ್ಮೆ ನಾನು ನಮ್ಮ ಊರನ್ನೇ ಆಂಧ್ರದೊಳಗೆ ಹಾಕಿದ್ದೆ. "ನಿನ್ನ ತಂದೆ ನಾಳೆ ಕೆಲಸಕ್ಕೆ ಹೋಗಲು ಗಡಿ ದಾಟಬೇಕಾಯಿತಲ್ಲ ಫ್ಲೋರಿನ್" ಎಂದು ಹೇಳಿ ಗೆಣ್ಣಿಗೆ ಒಂದು ಕೊಟ್ಟರು. "ಯಾವ ಊರು ಎಲ್ಲಿದೆ ಎಂದು ಗೊತ್ತಿಲ್ಲದವರು ಎಲ್ಲಿಗೂ ತಲುಪುವುದಿಲ್ಲ" ಎನ್ನುವುದು ಅವರ ಮಾತು. ಆ ಗೆಣ್ಣು ಚಳಿಗಾಲದಲ್ಲಿ ಈಗಲೂ ಸ್ವಲ್ಪ ನೋಯುತ್ತದೆ, ಅಥವಾ ಹಾಗೆ ನನಗನಿಸುತ್ತದೆ.

ರೀಪಿನ ಗೆಲುವನ್ನು ಹೇಳದೆ ಹೋದರೆ ಅನ್ಯಾಯ. ನಮ್ಮ ಮಗಳು ರಿಯಾ ಶಾಲೆಗೆ ಹೋಗುತ್ತಿದ್ದ ಕಾಲ. ಊಟಕ್ಕೆ ಕುಳಿತಿದ್ದೆವು. ಕಡಲಾಚೆ ಎಲ್ಲೋ ಭೂಮಿ ನಡುಗಿದ್ದು ಅಹ್ಮದಿಗೂ ಮುಟ್ಟಿತು. ಮೊದಲು ಚಮಚಗಳು, ಆಮೇಲೆ ಚಿಲಕ. ನನಗೆ ಎಲ್ಲ ಗುರುತಾಯಿತು. "ಲೋಟ ನೋಡು, ಲೋಟ ನೋಡು" ಎಂದೆ ರಿಯಾಗೆ. ಲೋಟಗಳು ನಡೆದು ಬಂದವು, ರೀಪಿಗೆ ಎದೆ ಕೊಟ್ಟವು, ನಿಂತವು. ರಿಯಾ ಬಾಯಿಬಿಟ್ಟು ನೋಡಿ ಚಪ್ಪಾಳೆ ತಟ್ಟಿದಳು. ಎದುರು ಮನೆಯಿಂದ ಗಾಜು ಒಡೆದ ಸದ್ದು ಕೇಳಿಸಿತು. ಬೀದಿಗೆ ಹೋದರೆ ಸುಮತಿ ಅಕ್ಕ ಗೇಟಿನಲ್ಲಿ ನಿಂತಿದ್ದರು, ಕೈಯಲ್ಲಿ ಡಿನ್ನರ್ ಸೆಟ್ಟಿನ ಒಂದೇ ಒಂದು ತಟ್ಟೆ.

"ನಿನ್ನ ಗಂಡನನ್ನು ನಾಳೆ ಕಳಿಸು ಫ್ಲೋರಿ" ಎಂದರು. "ಸುತ್ತಿಗೆ ಹಿಡ್ಕೊಂಡು ಬರ್ಲಿಕ್ಕೆ ಹೇಳು."

ಎಣ್ಣೆ ಸಿಡಿಯೂದಿಲ್ಲ ಎಂದವರು ಮರುದಿನ ಸುತ್ತಿಗೆ ಹಿಡಿದುಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು ಬೀಳ್ಕೊಟ್ಟೆ.

ಈಗ ರಿಯಾಳ ವಿಷಯಕ್ಕೆ ಬರುತ್ತೇನೆ. ಅವಳು ಹುಟ್ಟಿದ್ದು ಅಹ್ಮದಿಯಲ್ಲಿ, ನಡೆದದ್ದು, ಸೈಕಲಿನಿಂದ ಬಿದ್ದದ್ದು, ಹಲ್ಲು ಕಳೆದುಕೊಂಡದ್ದು ಎಲ್ಲ ಅಲ್ಲೇ. ಕೊಂಕಣಿ ಕನ್ನಡ ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮ್ಮವರ ಕೂಟಗಳಲ್ಲಿ ಯಾರಾದರೂ ಹೊಸಬರು "ನಿಮ್ಮ ಊರು ಯಾವುದು?" ಎಂದು ಕೇಳಿದರೆ ಆಲ್ಬನ್ "ಕಿನ್ನಿಗೋಳಿ" ಎನ್ನುತ್ತಾರೆ, ನಾನು "ಕೆ.ಜಿ.ಎಫ್." ಎನ್ನುತ್ತೇನೆ, ರಿಯಾ ಫೋನು ನೋಡುತ್ತಾಳೆ. ಕಿನ್ನಿಗೋಳಿಗೆ ರಜೆಯಲ್ಲಿ ಹೋದರೆ ಅಲ್ಲಿನ ಮಕ್ಕಳು ಅವಳನ್ನು ಕರೆಯುವುದೇ "ಕುವೈಟ್" ಎಂದು. ಕುವೈಟ್ ಬಾ, ಕುವೈಟ್ ಊಟ ಆಯ್ತಾ. ಇಲ್ಲಿಗೆ ಬಂದರೆ ಅವಳು ಇಂಡಿಯನ್.

ಆಲ್ಬನ್‌ರಿಗೆ ನಿವೃತ್ತಿಯ ಪತ್ರ ಬಂದಾಗ ನಾನು ಲೆಕ್ಕ ಹಾಕಿದ್ದು ಪಾತ್ರೆ ಪರದೆಗಳನ್ನು. ನಮಗೇನೂ ಕಷ್ಟವಿರಲಿಲ್ಲ. ಫರ್ವಾನಿಯಾದಲ್ಲಿ ಗೆಳೆಯರ ಆಫೀಸೊಂದರಲ್ಲಿ ಅವರಿಗೆ ಇನ್ನೂ ಸ್ವಲ್ಪ ಕಾಲ ಕೆಲಸ ಸಿಕ್ಕಿತ್ತು, ರಿಯಾಗೆ ಮಂಗಳೂರಿನಲ್ಲಿ ಕಾಲೇಜು. ಕಂಪನಿಯ ಮನೆ ಬಿಟ್ಟುಕೊಡಬೇಕು, ಅಷ್ಟೇ. ಅಷ್ಟೇ ಎಂದುಕೊಂಡಿದ್ದೆ. ಆ ರಾತ್ರಿ ಊಟದಲ್ಲಿ ರಿಯಾ ಕೇಳಿದಳು:

"ಕೀ ಕೊಟ್ಟ ಮೇಲೆ ಐ ಕಾಂಟ್ ಈವನ್ ಸ್ಟ್ಯಾಂಡ್ ಅಟ್ ದ ಗೇಟ್, ರೈಟ್?"

"ಬೇರೆಯವರು ಬರ್ತಾರಲ್ಲ ಪುತಾ" ಎಂದರು ಆಲ್ಬನ್.

"ಆ್ಯಂಡ್ ಮೈ ಇಕಾಮಾ?"

"ಕಾಲೇಜಿಗೆ ಹೋದ ಮೇಲೆ ಅದು ಮುಗೀತದೆ."

"ಸೋ ಖಲಾಸ್." ಅವಳು ತಟ್ಟೆ ಎತ್ತಿಕೊಂಡು ಎದ್ದಳು. "ಡ್ಯಾಡಿಗೆ ಒಂದು ಊರಿದೆ. ಮಮ್ಮಿಗೆ ಒಂದಿದೆ, ಕ್ಲೋಸ್ ಆಗಿದ್ರೂ. ಮೈನ್ ಈಸ್ ಅ ಕಂಪನಿ ಕ್ವಾರ್ಟರ್ಸ್."

ಸಿಂಕಿನ ನಳ್ಳಿ ಬಹಳ ಹೊತ್ತು ಸುರಿಯಿತು. ಮನೆ ಬಿಡುವುದು ನಮಗೆ ಪೆಟ್ಟಿಗೆ ಕಟ್ಟುವ ಕೆಲಸ, ಅವಳಿಗೆ ಊರೇ ಇಲ್ಲದವಳಾಗುವುದು ಎಂದು ಆಗ ನನಗೆ ಹೊಳೆಯಿತು. ಅವತ್ತೇ ನಿಶ್ಚಯಿಸಿದೆ, ಕೀಲಿ ಕೊಡುವ ಮೊದಲು ಇವಳನ್ನು ಕೆ.ಜಿ.ಎಫ್.ಗೆ ಕರೆದುಕೊಂಡು ಹೋಗಬೇಕು. ಗಣಿ ಮುಚ್ಚಿದ ಮೇಲೆ ನಾನೂ ಹೋಗಿರಲಿಲ್ಲ. ಹೋಗಿ ಏನು ತೋರಿಸುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ, ಆದರೆ ಹೋಗಬೇಕು ಎನ್ನುವುದರಲ್ಲಿ ಸಂಶಯವಿರಲಿಲ್ಲ. ರಜೆಯಲ್ಲಿ ಕಿನ್ನಿಗೋಳಿಗೆ ಹೋದವರು ಅಲ್ಲಿಂದ ಬೆಂಗಳೂರಿಗೆ ಬಂದೆವು. ಆಲ್ಬನ್ ಗೆಳೆಯರ ಮನೆಯಲ್ಲಿ ಉಳಿದರು. "ನಿಮ್ಮ ಚಿನ್ನ ನೀವೇ ಹುಡುಕಿಕೊಳ್ಳಿ" ಎಂದರು.

ಬಂಗಾರಪೇಟೆ ದಾಟಿದ ಮೇಲೆ ರೈಲು ನಿಧಾನವಾಗುತ್ತದೆ. ರಾಗಿ ಹೊಲ, ಟೊಮೆಟೊ ಹೊಲ, ನಡುವೆ ಯಾರೋ ಮಗುಚಿಟ್ಟು ಮರೆತಂಥ ಬೋಳು ಬಂಡೆಗಳು. ಆಮೇಲೆ ಸ್ಟೇಷನ್‌ಗಳ ಹೆಸರು ಒಂದೊಂದಾಗಿ ಬರುತ್ತವೆ, ಕೋರಮಂಡಲ್, ಊರಿಗಾಂ, ಚಾಂಪಿಯನ್. ನಾನು ಜಪಸರದ ಮಣಿಯಂತೆ ಒಂದೊಂದನ್ನೂ ಮುಂಚಿತವಾಗಿ ಹೇಳುತ್ತ ಹೋದೆ. ಎದುರಿನ ಸೀಟಿನ ಮುದುಕರೊಬ್ಬರು "ಕರೆಕ್ಟ್, ಕರೆಕ್ಟ್" ಎಂದು ತಲೆಯಾಡಿಸುತ್ತಿದ್ದರು. ರಿಯಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. "ಮಮ್ಮಿ, ದಿಸ್ ಈಸ್ ನಾಟ್ ಅ ಹಾಲಿಡೇ. ದಿಸ್ ಈಸ್ ಹಿಸ್ಟರಿ ಪೀರಿಯಡ್."

ಸೈನೈಡ್ ದಿಣ್ಣೆಗಳು ಕಂಡಾಗ ಮಾತ್ರ ಒಂದು ಇಯರ್‌ಫೋನ್ ತೆಗೆದಳು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಸುರಿದು ಆದ ಗುಡ್ಡಗಳು ಅವು. ಮಳೆ ಅವುಗಳ ಮೈಮೇಲೆ ಆಳವಾದ ಗೀರು ಎಳೆದಿದೆ. ಗಾಳಿ ಎದ್ದರೆ ಊರಿಗೆಲ್ಲ ಬೂದಿ ಬಣ್ಣದ ಪೌಡರ್. ನಮ್ಮ ಕಾಲದಲ್ಲಿ ಅಲ್ಲಿಗೆ ಹೋಗಬಾರದು ಎಂದು ಹೇಳುತ್ತಿದ್ದರು, ಆದ್ದರಿಂದ ಹೋಗುತ್ತಿದ್ದೆವು.

"ಲುಕ್ಸ್ ಲೈಕ್ ಡೆಸರ್ಟ್" ಎಂದಳು ರಿಯಾ. ಇಯರ್‌ಫೋನ್ ಮತ್ತೆ ಹಾಕಿಕೊಳ್ಳಲಿಲ್ಲ.

ಗಣಿಯ ಚಕ್ರ ನಿಂತಿತ್ತು. ನಿಂತಿರುತ್ತದೆ ಎಂದು ಗೊತ್ತಿದ್ದರೂ ನನ್ನ ಕಾಲುಗಳು ರಸ್ತೆಯಲ್ಲಿ ಒಂದು ಕ್ಷಣ ನಿಂತವು. ಆದರೆ ಊರು ನಿಂತಿರಲಿಲ್ಲ. ಹೂ ಮಾರುವವಳು ಇದ್ದಳು, ಟ್ಯೂಷನ್ ಬೋರ್ಡುಗಳಿದ್ದವು, ಬಿರಿಯಾನಿಯ ಘಮ ಇತ್ತು. ನಮ್ಮ ಬೀದಿಯೂ ಇತ್ತು. ಮನೆಯ ಮುಂದೆ ಕ್ರೋಟನ್ ಗಿಡಗಳ ಬದಲು ಎರಡು ಸ್ಕೂಟರುಗಳು. ಬಾಗಿಲಲ್ಲಿ ಹೊಲಿಗೆ ಮೆಶಿನ್ ಇಟ್ಟುಕೊಂಡು ಒಬ್ಬಾಕೆ ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದಳು. ಗಣಿ ಕೆಲಸಗಾರರೊಬ್ಬರ ಮಗಳಂತೆ, ಸೆಲ್ವಿ ಎಂದು ಹೆಸರು. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿಯ ರೈಲಿಗೆ ಬರುತ್ತಾನೆ.

"ಈ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಇದ್ದೆ" ಎಂದೆ.

ಸೆಲ್ವಿ ಕೊಕ್ಕೆಯನ್ನು ತುಟಿಯಿಂದ ತೆಗೆದಳು. "ಕಂಪೌಂಡರ್ ಮಗಳಾ? ನಿಮ್ಮಪ್ಪ ಕೊಟ್ಟ ಕೆಂಪು ಔಷಧಿ ಕುಡಿದು ನಾನು ವಾಂತಿ ಮಾಡಿದ್ದೆ. ಬಾಮ್ಮಾ, ಒಳಗೆ ಬಾ. ಪಾಪಾ, ನೀನೂ ಬಾ."

ಪಾಪಾ ಎನಿಸಿಕೊಂಡ ರಿಯಾ ನನ್ನ ಹಿಂದೆ ಬಂದಳು. ಸೆಲ್ವಿ ಕಾಫಿಗೆ ನೀರಿಟ್ಟಳು. ನಾನು ಶೆಲ್ಫ್ ನೋಡಿದೆ. ಪಪ್ಪ ಹೊಡೆದ ರೀಪು ಅಲ್ಲೇ ಇತ್ತು. ಎಷ್ಟು ಸಲ ಬಳಿದ ಬಣ್ಣವೋ ಏನೋ, ಹಸಿರಿನ ಮೇಲೆ ನೀಲಿ, ನೀಲಿಯ ಮೇಲೆ ಹಸಿರು. ಅದರ ಉದ್ದಕ್ಕೂ ಸೌಟುಗಳನ್ನು ಸಿಕ್ಕಿಸಿಟ್ಟಿದ್ದರು. ಸಾರಿನ ಸೌಟು, ಅನ್ನದ ಸೌಟು, ಜಾಲರಿ.

"ಆ ಪಟ್ಟಿ ಯಾಕಿದೆ ಗೊತ್ತಾ?" ಎಂದು ಕೇಳಿದೆ.

"ಸೌಟು ಹಾಕೋಕೆ" ಎಂದಳು ಸೆಲ್ವಿ. "ಯಾರೋ ಪುಣ್ಯಾತ್ಮ ಒಳ್ಳೆ ಐಡಿಯಾ ಮಾಡಿ ಹೊಡೆದಿದ್ದಾನೆ."

ಪಪ್ಪನ ದೂರದೃಷ್ಟಿಗೆ, ಮಮ್ಮಿಯ ಗಾಜಿನ ಸೆಟ್ಟಿಗೆ, ನನ್ನ ಇಷ್ಟು ಕಾಲದ ಕತೆಗೆ ಸೌಟಿನ ಮರ್ಯಾದೆ. ನನಗೆ ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದಾಗ ಹಿಂದಿನಿಂದ ರಿಯಾಳ ದನಿ ಬಂತು.

"ಇಲ್ಲ ಆಂಟಿ. ಅದು ಲೋಟಕ್ಕೆ."

ಕನ್ನಡದಲ್ಲಿ ಹೇಳಿದಳು. ತಡವರಿಸಿ, ಕ್ರಿಯಾಪದಗಳನ್ನು ಎಲ್ಲೆಲ್ಲೋ ಇಟ್ಟು, ಆದರೆ ಪೂರ್ತಿ ಹೇಳಿದಳು. ಬರ್ಸ್ಟ್ ಆಗುವುದು, ಚಮಚ, ಚಿಲಕ, ಲೋಟ ನಡೆದು ಬರುವುದು. "ನಮ್ಮ ಮನೆಯಲ್ಲಿ ನಾನೇ ನೋಡಿದ್ದೇನೆ. ಹೀಗೆ ಬಂದು, ಹೀಗೆ ನಿಲ್ತದೆ" ಎಂದು ಸೆಲ್ವಿಯ ಸ್ಟೀಲ್ ಲೋಟವೊಂದನ್ನು ಶೆಲ್ಫಿನ ಮೇಲಿಟ್ಟು, ಅಲ್ಲಾಡಿಸಿ, ನಡೆಸಿ ತೋರಿಸಿದಳು. ಸೆಲ್ವಿ ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು.

"ಅಯ್ಯೋ, ನಮ್ಮ ಮನೆಯಲ್ಲಿ ಎಲ್ಲಾ ಸ್ಟೀಲೇ, ಪಾಪಾ. ಬಿದ್ದರೆ ಎತ್ತಿಕೊಳ್ಳೋದು" ಎಂದಳು. "ಆದರೂ ಇರಲಿ, ತೆಗೆಯೋದಿಲ್ಲ" ಎಂದೂ ಸೇರಿಸಿದಳು.

ಮಧ್ಯಾಹ್ನ ಆಟೋ ಮಾಡಿಕೊಂಡು ಬೇತಮಂಗಲದ ಕೆರೆಗೆ ಹೋದೆವು. ಗಣಿಯ ಊರಿಗೆಲ್ಲ ಅಲ್ಲಿಂದಲೇ ನೀರು, ಶಾಲೆಯ ಪಿಕ್ನಿಕ್ಕೂ ಅಲ್ಲಿಗೇ. ದಾರಿಯ ಎರಡೂ ಕಡೆ ಹುಣಸೆಮರ, ಟೊಮೆಟೊ ತುಂಬಿದ ಪೆಟ್ಟಿಗೆಗಳನ್ನು ಏರಿಸುತ್ತಿದ್ದ ಲಾರಿ, ಮೇಕೆಗಳನ್ನು ಬೈಯುತ್ತಿದ್ದ ಒಬ್ಬ ಅಜ್ಜಿ. ಕೆರೆ ಏರಿಯ ಮೇಲೆ ಕುಳಿತು ಸೀಬೆಹಣ್ಣಿಗೆ ಉಪ್ಪು ಖಾರ ಹಚ್ಚಿಕೊಂಡು ತಿಂದೆವು. ನೀರಿನ ಮೇಲೆ ಗಾಳಿ ಬರುತ್ತಿತ್ತು.

"ಮಮ್ಮಿ, ದಿಸ್ ಈಸ್ ಅಹ್ಮದಿ" ಎಂದಳು ರಿಯಾ.

"ಯಾವುದು, ಕೆರೆಯಾ?"

"ಊರು. ರಸ್ತೆಗಳೆಲ್ಲ ಸ್ಟ್ರೇಟ್. ಮನೆಗಳಿಗೆ ನಂಬರ್. ದೊಡ್ಡ ಸಾಹೇಬರ ಬಂಗಲೆ ಮೇಲೆ, ಉಳಿದವರು ಕೆಳಗೆ. ಕ್ಲಬ್, ಹೆಡ್ಜ್, ಗಾರ್ಡನ್. ಆಸ್ಪತ್ರೆ ಕೂಡ ಸೇಮ್ ಜಾಗದಲ್ಲಿ. ನಾಳೆ ನನ್ನನ್ನು ಕಣ್ಣು ಕಟ್ಟಿ ಬಿಟ್ಟರೂ ಐ ವಿಲ್ ರೀಚ್ ಹೋಮ್."

ನಾನು ಇಷ್ಟು ವರ್ಷ ಎರಡೂ ಊರುಗಳಲ್ಲಿ ಬಾಳಿದವಳು. ನೆಲದ ಮೇಲಿನದನ್ನೆಲ್ಲ ಬಿಟ್ಟು ನೆಲದ ಕೆಳಗಿನದನ್ನು ಹುಡುಕಿ ಬಂದ ಅದೇ ಬಿಳಿಯರು, ಅದೇ ಸ್ಕೇಲು ಹಿಡಿದು ಎರಡನ್ನೂ ಎಳೆದಿದ್ದಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ಅಹ್ಮದಿಗೆ ಬಂದ ಮೊದಲ ದಿನವೇ ದಾರಿ ತಪ್ಪದೆ ಅಂಗಡಿಗೆ ಹೋಗಿ ಬಂದಾಗ, ನನ್ನ ಬುದ್ಧಿ ಚುರುಕು ಎಂದುಕೊಂಡು ಒಳಗೊಳಗೇ ಬೀಗಿದ್ದೆ. ಬೀಗಿದ್ದನ್ನು ಈಗ ವಾಪಸು ತೆಗೆದುಕೊಳ್ಳಬೇಕಾಯಿತು.

"ಇದು ಕ್ಲೋಸ್ ಆಗಿ ಎಷ್ಟೋ ವರ್ಷ ಆಯ್ತು" ಎಂದಳು ರಿಯಾ, ಸೀಬೆಯ ತುದಿ ಕಚ್ಚುತ್ತ. "ಸ್ಟಿಲ್ ನೀನು ಇಲ್ಲಿಯವಳೇ. ಆ ಆಂಟಿಗೆ ನಿನ್ನ ಪಪ್ಪ ಗೊತ್ತು."

"ವಾಂತಿಯಿಂದ ಗೊತ್ತು."

"ಸ್ಟಿಲ್."

ಕೀಲಿ ಒಪ್ಪಿಸುವ ದಿನ ಬಂತು. ಅಹ್ಮದಿಯ ಮನೆ ಖಾಲಿಯಾಗಿ, ಮಾತಾಡಿದರೆ ಮರುದನಿ ಬರುತ್ತಿತ್ತು. ಮನೆಗಳ ತಪಾಸಣೆಗೆ ಬರುವ ಇಕ್ಬಾಲ್ ಭಾಯಿ ಎಂಬ ಹಿರಿಯರು ಕೋಣೆ ಕೋಣೆ ನೋಡುತ್ತ ಬಂದರು. ಪರದೆಯ ಕೊಕ್ಕೆ ಸರಿ, ನಳ್ಳಿ ಸರಿ, ಗೋಡೆ ಸರಿ. ಅಡುಗೆಮನೆಗೆ ಬಂದು ನಿಂತರು. ಪೆನ್ನಿನಿಂದ ರೀಪನ್ನು ಟಕ್ ಟಕ್ ಎಂದು ಬಡಿದರು.

"ಯೇ ಹಮಾರಾ ನಹೀ ಹೈ. ನಿಕಾಲ್ನಾ ಪಡೇಗಾ." ನಮ್ಮದಲ್ಲ, ತೆಗೆಯಬೇಕು ಎಂದರು.

ಆಲ್ಬನ್ ಜೇಬಿನಿಂದ ಮೊಳೆ ಕೀಳುವ ಇಕ್ಕಳ ತೆಗೆದರು. ಅದನ್ನು ಅವರು ಬೆಳಿಗ್ಗೆಯೇ ತಂದಿಟ್ಟುಕೊಂಡಿದ್ದರು, ಕಂಪನಿಯ ನಿಯಮ ಮೀರುವವರಲ್ಲ. ರಿಯಾ ಶೆಲ್ಫಿಗೆ ಬೆನ್ನು ಕೊಟ್ಟು ನಿಂತಳು.

"ನಹೀ ಡ್ಯಾಡಿ. ಭಾಯಿ, ಯೇ ಘರ್ ಕಾ ಹೈ."

"ಘರ್ ಕಂಪನಿ ಕಾ ಹೈ, ಬೇಟಾ" ಎಂದರು ಇಕ್ಬಾಲ್ ಭಾಯಿ.

"ಮಾಲೂಮ್ ಹೈ" ಎಂದಳು. ಗೊತ್ತು ಎಂದಳು, ಆದರೆ ಅಲುಗಲಿಲ್ಲ. ಆಮೇಲೆ ಅವರಿಗೂ ಕತೆ ಹೇಳಿದಳು. ಈ ಸಲ ಹಿಂದಿಯಲ್ಲಿ. ಚಿನ್ನದ ಗಣಿ, ಔಷಧಿ ಪೆಟ್ಟಿಗೆ, ಕಂಪೌಂಡರ್ ಅಜ್ಜ, ಚಮಚ, ಚಿಲಕ. ಕತೆ ಸೆಲ್ವಿಯ ಮನೆಯಲ್ಲಿ ಹೇಳಿದ್ದಕ್ಕಿಂತ ಉದ್ದವಾಗಿತ್ತು. ಇದರಲ್ಲಿ ಸೆಲ್ವಿಯೂ ಇದ್ದಳು, ಸೌಟುಗಳೂ ಇದ್ದವು. "ನಾಳೆ ಬರುವವರಿಗೆ ಇದು ಯಾಕೆ ಎಂದು ಗೊತ್ತಾಗದಿದ್ದರೂ ಪರವಾಗಿಲ್ಲ, ಅವರೂ ಸೌಟು ಹಾಕಿಕೊಳ್ಳಲಿ" ಎಂದಳು.

ಇಕ್ಬಾಲ್ ಭಾಯಿ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ಥೋಡಾ ಪಾನಿ ಮಿಲೇಗಾ?" ಎಂದರು. ಎಲ್ಲ ಕಟ್ಟಿಯಾಗಿತ್ತು. ದಾರಿಗೆಂದು ಚೀಲದಲ್ಲಿಟ್ಟಿದ್ದ ಒಂದೇ ಒಂದು ಗಾಜಿನ ಲೋಟ ತೆಗೆದು ಬಾಟಲಿಯ ನೀರು ಕೊಟ್ಟೆ. ನಿಧಾನವಾಗಿ ಕುಡಿದರು. ಕುಡಿದು, ರಿಯಾಳ ಭುಜದ ಮೇಲಿಂದ ಕೈಚಾಚಿ ಲೋಟವನ್ನು ಶೆಲ್ಫಿನ ಮೇಲಿಟ್ಟರು. ಇಟ್ಟು, ಎರಡು ಬೆರಳಿನಿಂದ ಅದನ್ನು ಗೋಡೆಯ ಕಡೆಗೆ ತಳ್ಳಿದರು.

"ಕಿಚನ್ ಓಕೆ" ಎಂದು ಹೊರಗೆ ನಡೆದರು.

ಆ ಲೋಟವನ್ನು ನಾವು ಅಲ್ಲೇ ಬಿಟ್ಟು ಬಂದೆವು. ಗೇಟಿನಲ್ಲಿ ಸುಮತಿ ಅಕ್ಕ ಕಾಯುತ್ತಿದ್ದರು. ಅಳಲಿಲ್ಲ, ಅಳುವವರಲ್ಲ. "ಇನ್ನು ಸೈರನ್ ಆದರೆ ನಾನು ಯಾರನ್ನು ನೋಡಿ ನಗೂದು?" ಎಂದು ಮಾತ್ರ ಹೇಳಿದರು.

ಈಗ ರಿಯಾ ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆ. ಮೊದಲ ವಾರ ವೀಡಿಯೋ ಕರೆ ಮಾಡಿ ಕೋಣೆ ತೋರಿಸಿದಳು. ಇದು ಮಂಚ, ಇದು ಫ್ಯಾನು, ಶಬ್ದ ಮಾಡುತ್ತದೆ, ಇದು ಕಿಟಕಿ, ಇದು ಶೆಲ್ಫ್. ಶೆಲ್ಫಿನ ಮೇಲೆ ಅವಳ ಮಗ್ಗು ಗೋಡೆಗೆ ಅಂಟಿ ನಿಂತಿತ್ತು. ನಾನು ಇಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಚಪಾತಿ ಲಟ್ಟಿಸುತ್ತಿದ್ದೆ. ಆಗ ಕೋಣೆಗೆ ಹೊಸ ಹುಡುಗಿಯೊಬ್ಬಳು ಬಂದಳು, ಚೀಲ ಎಳೆಯುವ ಸದ್ದು ಕೇಳಿಸಿತು. ರಿಯಾ ಫೋನನ್ನು ಹಾಸಿಗೆಯ ಮೇಲೆ ಬೋರಲಾಗಿ ಇಟ್ಟಳು. ನನಗೆ ಕಂಡದ್ದು ಕತ್ತಲೆ, ಕೇಳಿಸಿದ್ದು ಮಾತು.

"ಹಾಯ್. ನಾನು ದಿವ್ಯಾ, ಸಾಗರದ ಹತ್ತಿರ. ನಿಂದು ಯಾವ ಊರು?"

ನನ್ನ ಲಟ್ಟಣಿಗೆ ನಿಂತಿತು. ಈ ಪ್ರಶ್ನೆಗೆ ಅವಳು ಫೋನು ನೋಡುತ್ತಿದ್ದವಳು, ಆ ಫೋನು ಈಗ ಬೋರಲಾಗಿ ಮಲಗಿತ್ತು.

"ಅಹ್ಮದಿ" ಎಂದಳು ರಿಯಾ.

"ಅದೆಲ್ಲಿ ಬರುತ್ತೆ?"

"ಕೆ.ಜಿ.ಎಫ್. ಗೊತ್ತಲ್ಲ?" ಕನ್ನಡದಲ್ಲೇ ಹೇಳಿದಳು, ಸಲೀಸಾಗಿ. "ಅದನ್ನು ದಾಟಿ ಸ್ವಲ್ಪ ಮುಂದೆ."

"ಹೌದಾ" ಎಂದಳು ದಿವ್ಯಾ.

ಸಿಸ್ಟರ್ ಬೆನೆಡಿಕ್ಟಾ ಇದ್ದಿದ್ದರೆ ಗೆಣ್ಣಿಗೆ ಕೊಡುತ್ತಿದ್ದರು. ನಾನು ತಿದ್ದಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಲೋಟಗಳನ್ನೊಮ್ಮೆ ಹಿಂದಕ್ಕೆ ತಳ್ಳಿ ಬಂದು, ಚಪಾತಿ ಲಟ್ಟಿಸಿದೆ.